ಅವಸರದಲ್ಲಿ ಜಾರಿಹೋಗುವ ಒಂದು ಸಾಲು
ವಿಮಾನಚಾಲಕರ ತಪಾಸಣಾ ಪಟ್ಟಿಯಿಂದ ಉದ್ಯಮಿಗಳು ಕಲಿಯಬಹುದಾದ ಪಾಠ

ವ್ಯಾಪಾರದಲ್ಲಾಗಲಿ ತಯಾರಿಕೆಯಲ್ಲಾಗಲಿ ಸಂಭವಿಸುವ ನಷ್ಟಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ತಿಳಿವಳಿಕೆಯ ಕೊರತೆಯಿಂದ ಆಗುವ ನಷ್ಟ. ಎರಡನೆಯದು, ಚೆನ್ನಾಗಿ ತಿಳಿದಿದ್ದ ಕೆಲಸವನ್ನೇ ಆ ಒಂದು ಗಳಿಗೆಯಲ್ಲಿ ಮಾಡದೆ ಬಿಟ್ಟದ್ದರಿಂದ ಆಗುವ ನಷ್ಟ. ಮೊದಲನೆಯದಕ್ಕೆ ತರಬೇತಿ ಪರಿಹಾರವಾಗಬಲ್ಲದು. ಎರಡನೆಯದಕ್ಕೆ ತರಬೇತಿಯೊಂದೇ ಸಾಲದು. ಏಕೆಂದರೆ ಅಲ್ಲಿ ತಪ್ಪುವವನು ಹೊಸಬನಲ್ಲ, ಬಹುಪಾಲು ಅನುಭವಸ್ಥನೇ ಆಗಿರುತ್ತಾನೆ.

ಈ ಎರಡನೆಯ ಬಗೆಯ ತಪ್ಪನ್ನು ನಾಗರಿಕ ವಿಮಾನಯಾನ ಕ್ಷೇತ್ರದಷ್ಟು ಆಳವಾಗಿ ಅಭ್ಯಾಸ ಮಾಡಿರುವ ಕ್ಷೇತ್ರಗಳು ವಿರಳ. ಅಪಘಾತಕ್ಕೀಡಾದ ದೊಡ್ಡ ವಿಮಾನಗಳಲ್ಲಿ ಸಾಮಾನ್ಯವಾಗಿ ಚಾಲಕರ ಮಾತುಕತೆಯ ಧ್ವನಿಮುದ್ರಣ ಇರುತ್ತದೆ. ತನಿಖಾ ವರದಿಗಳು ಸಾರ್ವಜನಿಕವಾಗಿ ಪ್ರಕಟವಾಗುತ್ತವೆ. ಹೀಗಾಗಿ ಯಾವ ಕ್ಷಣದಲ್ಲಿ, ಯಾವ ಅಡಚಣೆಯ ನಡುವೆ, ಪಟ್ಟಿಯ ಯಾವ ಸಾಲು ಜಾರಿಹೋಯಿತು ಎಂಬುದನ್ನು ಅಲ್ಲಿ ನಿಮಿಷ ನಿಮಿಷವಾಗಿ ಗುರುತಿಸಲು ಸಾಧ್ಯವಾಗಿದೆ. ಆ ವಿವರಗಳು ಗೋದಾಮು, ಕಾರ್ಖಾನೆ ಹಾಗೂ ಕಚೇರಿಗಳನ್ನು ನಡೆಸುವವರಿಗೂ ಉಪಯುಕ್ತವಾಗಿವೆ.

ಪಟ್ಟಿ ಹುಟ್ಟಿದ ಸಂದರ್ಭ

1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ‘ಮಾಡೆಲ್ 299’ ಎಂಬ ನಾಲ್ಕು ಎಂಜಿನ್ನುಗಳ ಹೊಸ ಬಾಂಬರ್ ವಿಮಾನವು ಸೇನೆಯ ಪರೀಕ್ಷಾ ಹಾರಾಟಕ್ಕೆ ಹೊರಟಿತು. ನಿಲುಗಡೆಯಲ್ಲಿದ್ದಾಗ ಗಾಳಿಯ ಹೊಡೆತಕ್ಕೆ ನಿಯಂತ್ರಣ ಪಟ್ಟಿಗಳು ಅಲುಗಾಡದಿರಲೆಂದು ಹಾಕುವ ಬೀಗವೊಂದನ್ನು ತೆಗೆಯಲು ಮರೆತದ್ದರಿಂದ, ವಿಮಾನವು ಮೇಲೇರಿದ ಕೂಡಲೇ ನೆಲಕ್ಕಪ್ಪಳಿಸಿತು. ಸೇನೆಯ ಮೇಜರ್ ಪ್ಲಾಯರ್ ಹಿಲ್ ಹಾಗೂ ಬೋಯಿಂಗ್‌ನ ಪರೀಕ್ಷಾ ಚಾಲಕ ಲೆಸ್ಲಿ ಟವರ್ ಪ್ರಾಣ ಕಳೆದುಕೊಂಡರು. ಇಬ್ಬರೂ ನುರಿತ ಚಾಲಕರಾಗಿದ್ದರು.

ಉದ್ಯಮಿಗಳು ಗಮನಿಸಬೇಕಾದ ಮತ್ತೊಂದು ಸಂಗತಿಯೂ ಇದರಲ್ಲಿದೆ. ಸ್ಪರ್ಧೆಯಲ್ಲಿ ಮುಂದಿದ್ದ ಬೋಯಿಂಗ್ ಕಂಪನಿಗೆ ದೊಡ್ಡ ಆರ್ಡರು ಕೈತಪ್ಪಿ ಪ್ರತಿಸ್ಪರ್ಧಿಯಾದ ಡಗ್ಲಸ್ ಕಂಪನಿಯ ಪಾಲಾಯಿತು. ಬೋಯಿಂಗ್‌ಗೆ ದೊರೆತದ್ದು ಪ್ರಯೋಗಾರ್ಥವಾಗಿ ಕೇವಲ 13 ವಿಮಾನಗಳ ಬೇಡಿಕೆ. ಸರಕಿನಲ್ಲಿ ದೋಷವಿರಲಿಲ್ಲ, ಹೊರಡುವ ಮುನ್ನ ಮಾಡಬೇಕಾಗಿದ್ದ ಒಂದು ಸಣ್ಣ ಕೆಲಸ ಉಳಿದುಹೋಗಿತ್ತು, ಅಷ್ಟೆ. ಇಷ್ಟೊಂದು ಕ್ರಮಗಳನ್ನು ಮನುಷ್ಯನ ನೆನಪಿಗೆ ಮಾತ್ರ ಬಿಡುವುದು ಸರಿಯಲ್ಲವೆಂದು ಮನಗಂಡ ಬಳಿಕ, ಚಾಲಕರಿಗಾಗಿ ಲಿಖಿತ ತಪಾಸಣಾ ಪಟ್ಟಿಗಳು ರೂಪುಗೊಂಡವು. ಅದೇ ವಿಮಾನವು ಮುಂದೆ ಬಿ-17 ಎಂಬ ಹೆಸರಿನಲ್ಲಿ ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬಳಕೆಯಾಯಿತು.

ಪಟ್ಟಿ ಬಂದಿತು. ಆದರೂ ತಪ್ಪುಗಳು ನಿಲ್ಲಲಿಲ್ಲ. ಅದು ಏಕೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಡೆಟ್ರಾಯಿಟ್, 1987

ವಿಮಾನವು ನೆಲಬಿಟ್ಟು ಏಳುವಾಗ ಅದರ ವೇಗ ಕಡಿಮೆ. ಆ ವೇಗದಲ್ಲಿಯೂ ಸಾಕಷ್ಟು ಎತ್ತುವ ಬಲ ದೊರೆಯಬೇಕಾದರೆ ರೆಕ್ಕೆಯ ಹಿಂಬದಿಯ ‘ಫ್ಲ್ಯಾಪ್’ಗಳನ್ನೂ ಮುಂಬದಿಯ ‘ಸ್ಲ್ಯಾಟ್’ಗಳನ್ನೂ ಹೊರಚಾಚಬೇಕು. ಒಂದು ಹಿಡಿಯನ್ನು ಸರಿಸಿದರೆ ಆಗುವ ಕೆಲಸ ಇದು. ತಪಾಸಣಾ ಪಟ್ಟಿಯಲ್ಲಿ ಇದಕ್ಕೆ ಪ್ರಮುಖ ಸ್ಥಾನವಿದೆ.

1987ರ ಆಗಸ್ಟ್ 16ರ ರಾತ್ರಿ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ 255ನೇ ಸಂಖ್ಯೆಯ ಎಂಡಿ-82 ವಿಮಾನವು ಡೆಟ್ರಾಯಿಟ್‌ನಿಂದ ಹೊರಡಲು ಸಜ್ಜಾಯಿತು. ವೇಳೆ ಆಗಲೇ ಮೀರಿತ್ತು. ಸುತ್ತಮುತ್ತ ಗುಡುಗು ಮಳೆಯ ವಾತಾವರಣವಿತ್ತು. ಪ್ರಯಾಣದ ಕೊನೆಯ ನಿಲ್ದಾಣವಾದ ಕ್ಯಾಲಿಫೋರ್ನಿಯಾದ ಸಾಂತಾ ಅನಾದಲ್ಲಿ ಶಬ್ದ ನಿಯಂತ್ರಣಕ್ಕಾಗಿ ರಾತ್ರಿಯ ವೇಳೆ ಹಾರಾಟದ ನಿರ್ಬಂಧವಿತ್ತು. ವಿಮಾನವು ಚಲಿಸಲಾರಂಭಿಸಿದ ಮೇಲೆ, ಗಾಳಿಯ ದಿಕ್ಕು ಬದಲಾದ ಕಾರಣ ಬೇರೊಂದು ರನ್‌ವೇ ಬಳಸುವಂತೆ ನಿಯಂತ್ರಣ ಕೇಂದ್ರದಿಂದ ಸೂಚನೆ ಬಂದಿತು. ಹೊಸ ರನ್‌ವೇ ಚಿಕ್ಕದು. ಅದಕ್ಕೆ ವಿಮಾನದ ತೂಕ ಹೊಂದುವುದೇ ಎಂದು ಕೋಷ್ಟಕ ನೋಡಬೇಕಾಯಿತು. ಹವಾಮಾನದ ಹೊಸ ಮಾಹಿತಿಯನ್ನು ಕೇಳಿಸಿಕೊಳ್ಳಬೇಕಾಯಿತು. ಈ ನಡುವೆ ಕ್ಯಾಪ್ಟನ್ ತಿರುಗಬೇಕಾಗಿದ್ದ ತಿರುವೊಂದನ್ನು ದಾಟಿ ಮುಂದೆ ಹೋದರು. ಪುನಃ ದಾರಿಯ ಸೂಚನೆ ಪಡೆಯಬೇಕಾಯಿತು.

ಸಾಮಾನ್ಯವಾಗಿ ಸಹಚಾಲಕನು ಫ್ಲ್ಯಾಪ್ ಹಿಡಿಯನ್ನು ಸರಿಸುವ ಹೊತ್ತಿಗೆ ಆತನ ಗಮನವು ರೇಡಿಯೋ ಹಾಗೂ ಕೋಷ್ಟಕಗಳ ಮೇಲಿತ್ತು. ಆ ಬಳಿಕ ನಡೆಯಬೇಕಾಗಿದ್ದ ತಪಾಸಣಾ ಪಟ್ಟಿಯ ಓದು ನಡೆಯಲೇ ಇಲ್ಲವೆಂದು ಧ್ವನಿಮುದ್ರಣದಿಂದ ತಿಳಿದುಬಂದಿತು. ಫ್ಲ್ಯಾಪ್ ಇಲ್ಲದೆ ಟೇಕಾಫ್‌ಗೆ ಮುಂದಾದರೆ ಎಚ್ಚರಿಸಬೇಕಾಗಿದ್ದ ಸಾಧನಕ್ಕೆ ಅಂದು ವಿದ್ಯುತ್ ಪೂರೈಕೆ ಇರಲಿಲ್ಲ. ವಿಮಾನವು ಎತ್ತರಕ್ಕೇರಲಾರದೆ ದೀಪದ ಕಂಬಕ್ಕೆ ಬಡಿದು ಉರುಳಿತು. ನೆಲದ ಮೇಲಿದ್ದ ಇಬ್ಬರೂ ಸೇರಿದಂತೆ 156 ಮಂದಿ ಸತ್ತರು. ವಿಮಾನದಲ್ಲಿದ್ದವರ ಪೈಕಿ ಬದುಕುಳಿದದ್ದು ನಾಲ್ಕು ವರ್ಷದ ಒಂದು ಹೆಣ್ಣುಮಗು ಮಾತ್ರ.

ಡಲ್ಲಾಸ್, 1988

ಒಂದು ವರ್ಷ ಕಳೆದಿತ್ತಷ್ಟೆ. 1988ರ ಆಗಸ್ಟ್ 31ರಂದು ಡಲ್ಲಾಸ್-ಫೋರ್ಟ್‌ವರ್ತ್ ನಿಲ್ದಾಣದಲ್ಲಿ ಡೆಲ್ಟಾ ಏರ್‌ಲೈನ್ಸ್‌ನ 1141ನೇ ಸಂಖ್ಯೆಯ ಬೋಯಿಂಗ್ 727 ವಿಮಾನವು ಅದೇ ತಪ್ಪಿಗೆ ಬಲಿಯಾಯಿತು. 108 ಮಂದಿಯಲ್ಲಿ 14 ಮಂದಿ ಮೃತಪಟ್ಟರು. ಇಲ್ಲಿ ತಪಾಸಣಾ ಪಟ್ಟಿಯನ್ನು ಓದಲಾಗಿತ್ತು! ಫ್ಲ್ಯಾಪ್ ಎಂದು ಕೇಳಿದಾಗ, 15 ಡಿಗ್ರಿ, ಹಸಿರು ದೀಪ ಎಂಬ ಉತ್ತರವೂ ಬಂದಿತ್ತು. ಆದರೆ ಫ್ಲ್ಯಾಪ್‌ಗಳು ಒಳಗೇ ಇದ್ದವು. ದಿನಕ್ಕೆ ಹಲವು ಬಾರಿ ಅದೇ ಉತ್ತರ ನೀಡಿ ರೂಢಿಯಾಗಿದ್ದ ನಾಲಗೆಯು ಕಣ್ಣಿನ ಸಾಕ್ಷ್ಯಕ್ಕೆ ಕಾಯದೆ ನುಡಿದಿತ್ತು.

ರನ್‌ವೇಗೆ ಸಾಗುವ ಸರದಿಯಲ್ಲಿ ಕಾಯುತ್ತಿದ್ದಾಗ ಚಾಲಕರು ಗಗನಸಖಿಯೊಡನೆ ಕೆಲಸಕ್ಕೆ ಸಂಬಂಧಿಸದ ಹರಟೆಯಲ್ಲಿ ಬಹಳ ಹೊತ್ತು ತೊಡಗಿದ್ದರು. ಕಾಕ್‌ಪಿಟ್ಟಿನ ಶಿಸ್ತು ಸಾಲದಾಗಿದ್ದುದೇ ಅಪಘಾತಕ್ಕೆ ಒಂದು ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನಿರ್ಣಯಿಸಿತು. ಇಲ್ಲಿಯೂ ಎಚ್ಚರಿಕೆಯ ಗಂಟೆ ಮೊಳಗಲಿಲ್ಲ. ಬಿಡುವಿನ ಕಾಯುವಿಕೆ ಹಾಗೂ ಅದರ ಬೆನ್ನಿಗೆ ಬರುವ ಅವಸರ ಇವೆರಡೂ ಕೂಡಿದಾಗ ಗಮನವು ಎಷ್ಟು ಸುಲಭವಾಗಿ ಚದುರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮ್ಯಾಡ್ರಿಡ್, 2008

ಡೆಟ್ರಾಯಿಟ್ ದುರಂತಕ್ಕೆ 21 ವರ್ಷ ತುಂಬಿದ ವಾರದಲ್ಲಿಯೇ, 2008ರ ಆಗಸ್ಟ್ 20ರಂದು, ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಸ್ಪಾನ್ಏರ್ ಸಂಸ್ಥೆಯ ವಿಮಾನವೊಂದು ಅದೇ ರೀತಿ ಫ್ಲ್ಯಾಪ್ ಇಲ್ಲದೆ ಮೇಲೇರಲೆತ್ನಿಸಿ ಬಿದ್ದಿತು. ವಿಮಾನವೂ ಅದೇ ಎಂಡಿ-82 ಮಾದರಿಯದು. 172 ಮಂದಿಯಲ್ಲಿ 154 ಮಂದಿ ಸತ್ತರು, 18 ಮಂದಿ ಉಳಿದರು.

ಮಧ್ಯಾಹ್ನ 1 ಗಂಟೆಗೆ ಹೊರಡಬೇಕಾಗಿದ್ದ ಈ ವಿಮಾನವು ರನ್‌ವೇಯ ಬಳಿಗೆ ಹೋಗಿಯೂ, ಹೊರಗಿನ ಉಷ್ಣತೆಯನ್ನು ಅಳೆಯುವ ಸಾಧನವು ಅತಿಯಾಗಿ ಬಿಸಿಯಾಗುತ್ತಿದ್ದುದರಿಂದ ಹಿಂದಿರುಗಿತ್ತು. ತಂತ್ರಜ್ಞರು ಆ ಸಾಧನದ ಹೀಟರಿನ ಸಂಪರ್ಕವನ್ನು ಕಡಿದು, ಹಾರಾಟಕ್ಕೆ ಅಡ್ಡಿಯಿಲ್ಲವೆಂದರು. ನಿಯಮದ ಪ್ರಕಾರ ಅದಕ್ಕೆ ಅವಕಾಶವಿತ್ತು. ಒಂದು ಗಂಟೆಗೂ ಮೀರಿದ ತಡದ ಬಳಿಕ ಚಾಲಕರು ಎಲ್ಲ ಸಿದ್ಧತೆಯನ್ನೂ ಎರಡನೆಯ ಬಾರಿ ಮಾಡಬೇಕಾಯಿತು. ಎಂಜಿನ್ ಚಾಲೂ ಆದ ಮೇಲಿನ ಪಟ್ಟಿಯಲ್ಲಿ ಫ್ಲ್ಯಾಪಿನ ಸಾಲು ಬರುವ ಹೊತ್ತಿಗೆ, ಚಲಿಸಲು ಅನುಮತಿ ಕೇಳುವಂತೆ ಕ್ಯಾಪ್ಟನ್ ಸಹಚಾಲಕನಿಗೆ ಹೇಳಿದರು. ಆ ಸಾಲು ಅಲ್ಲಿಯೇ ಉಳಿಯಿತು. ಮುಂದಿನ ಹಂತದಲ್ಲಿ ಫ್ಲ್ಯಾಪಿನ ಅಂಕಿಯನ್ನು ಉಚ್ಚರಿಸಲಾಯಿತಾದರೂ ಅದು ಕಣ್ಣಿನಿಂದ ನೋಡಿ ಹೇಳಿದ ಅಂಕಿಯಾಗಿರಲಿಲ್ಲ. ಎಚ್ಚರಿಕೆಯ ಗಂಟೆಯೂ ಮೊಳಗಲಿಲ್ಲ.

ಈ ಪ್ರಕರಣದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಅಂಶಗಳು ಎರಡು. ಬಿಸಿಯಾಗುತ್ತಿದ್ದ ಹೀಟರಿಗೂ ಮೊಳಗದ ಗಂಟೆಗೂ ಸಂಬಂಧಿಸಿದ ರಿಲೇ ಒಂದೇ ಆಗಿತ್ತು. ಅದೇ ಕಾರಣವೆಂದು ಖಚಿತವಾಗಿ ಸಿದ್ಧಪಡಿಸಲು ತನಿಖೆಗೆ ಸಾಧ್ಯವಾಗದಿದ್ದರೂ, ಸಣ್ಣ ದೋಷವೊಂದನ್ನು ‘ಸದ್ಯಕ್ಕೆ ಅಡ್ಡಿಯಿಲ್ಲ’ ಎಂದು ಬದಿಗಿಡುವಾಗ ಅದು ಬೇರೇನನ್ನು ಸೂಚಿಸುತ್ತಿರಬಹುದು ಎಂದು ಯೋಚಿಸುವುದು ಅಗತ್ಯವೆಂಬುದು ಸ್ಪಷ್ಟ. ಎರಡನೆಯದಾಗಿ, ಡೆಟ್ರಾಯಿಟ್ ಅಪಘಾತದ ನಂತರ 1987ರಲ್ಲಿಯೇ ವಿಮಾನದ ತಯಾರಕರು ಈ ಎಚ್ಚರಿಕೆ ಸಾಧನವನ್ನು ಪ್ರತಿ ಹಾರಾಟಕ್ಕೂ ಮುನ್ನ ಪರೀಕ್ಷಿಸಬೇಕೆಂದು ಶಿಫಾರಸು ಮಾಡಿದ್ದರು. ಸ್ಪಾನ್ಏರ್‌ನ ಕಾರ್ಯವಿಧಾನದಲ್ಲಿ ಪ್ರತಿ ಹಾರಾಟಕ್ಕೂ ಅದನ್ನು ಕಡ್ಡಾಯ ಮಾಡಿರಲಿಲ್ಲ. ಬೇರೊಬ್ಬರ ನಷ್ಟದಿಂದ ಹೊರಟ ಪಾಠವು ಎರಡು ದಶಕ ಕಳೆದರೂ ತಲುಪಬೇಕಾದಲ್ಲಿಗೆ ತಲುಪಿರಲಿಲ್ಲ.

ತಪ್ಪು ಆಗುವುದಾದರೂ ಹೇಗೆ?

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬುದು ನಮ್ಮ ಗಾದೆ. ಆದರೆ ಮೇಲಿನ ಚಾಲಕರಾರೂ ಮಂದಬುದ್ಧಿಯವರಲ್ಲ. ಆತುರವು ಬುದ್ಧಿಯನ್ನು ಕುಗ್ಗಿಸುವುದಕ್ಕಿಂತ ಹೆಚ್ಚಾಗಿ ಕೆಲಸದ ಕ್ರಮವನ್ನು ಕೆಡಿಸುತ್ತದೆ. ಈ ಪ್ರಕರಣಗಳಿಂದ ನಾಲ್ಕು ಕಾರಣಗಳು ತೋರಿಬರುತ್ತವೆ.

ಮೊದಲನೆಯದು, ಅಡಚಣೆ. ರೂಢಿಯ ಕೆಲಸದಲ್ಲಿ ಒಂದು ಹೆಜ್ಜೆಯೇ ಮುಂದಿನ ಹೆಜ್ಜೆಯನ್ನು ನೆನಪಿಸುತ್ತದೆ. ನಡುವೆ ಯಾರಾದರೂ ಕರೆದರೆ ಆ ಸರಪಳಿ ತುಂಡಾಗುತ್ತದೆ. ಮರಳಿ ಬಂದಾಗ ಮನಸ್ಸು ತಾನು ಬಿಟ್ಟ ಸ್ಥಳಕ್ಕೆ ಬದಲಾಗಿ ಅದರ ಮುಂದಿನ ಸ್ಥಳದಿಂದ ಆರಂಭಿಸುವುದುಂಟು. ಎರಡನೆಯದು, ಕೊನೆಗಳಿಗೆಯ ಬದಲಾವಣೆ. ಹೊಸದಾಗಿ ಬಂದ ಕೆಲಸವು ಹಳೆಯ ಕೆಲಸದ ಸಮಯವನ್ನು ಕಬಳಿಸುತ್ತದೆ. ಮೂರನೆಯದು, ರೂಢಿಯ ಉತ್ತರ. ನೂರಾರು ಬಾರಿ ಸರಿಯಾಗಿದ್ದುದನ್ನು ಕಂಡ ಕಣ್ಣು, ಮುಂದಿನ ಬಾರಿ ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತದೆ. ನಾಲ್ಕನೆಯದು, ಮತ್ತೊಂದು ರಕ್ಷಣೆ ಇದ್ದೇ ಇದೆಯೆಂಬ ಭರವಸೆ. ಮೂರು ಪ್ರಕರಣಗಳಲ್ಲಿಯೂ ಗಂಟೆ ಬಾರಿಸಬೇಕಾಗಿದ್ದ ಯಂತ್ರವು ಮೌನವಾಗಿತ್ತು.

ಅಮೆರಿಕದ ನಾಸಾ ಸಂಸ್ಥೆಗಾಗಿ ಕೀ ಡಿಸ್ಮ್ಯೂಕ್ಸ್ ಮತ್ತು ಬೆನ್ ಬರ್ಮನ್ ಅವರು 60 ಹಾರಾಟಗಳನ್ನು ಕಾಕ್‌ಪಿಟ್ಟಿನಲ್ಲಿ ಕುಳಿತು ಗಮನಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಟ್ಟು 899 ಲೋಪಗಳು ದಾಖಲಾಗಿವೆ. ಅವುಗಳಲ್ಲಿ 194 ತಪಾಸಣಾ ಪಟ್ಟಿಯ ಬಳಕೆಗೆ ಸಂಬಂಧಿಸಿದವು. ನೋಡದೆ ಉತ್ತರಿಸುವುದು, ಪಟ್ಟಿಯನ್ನು ಬಾಯಿಪಾಠದಿಂದ ಹೇಳುವುದು, ಸಾಲು ಬಿಡುವುದು, ತಕ್ಕ ಹೊತ್ತಿನಲ್ಲಿ ಆರಂಭಿಸದಿರುವುದು ಇಂತಹವು. ಈ ಹಾರಾಟಗಳೆಲ್ಲವೂ ಸುರಕ್ಷಿತವಾಗಿಯೇ ಮುಗಿದವು ಎಂಬುದು ಗಮನಾರ್ಹ. ಲೋಪವಾದರೂ ನಷ್ಟವಾಗದಿದ್ದಾಗ ಆ ಲೋಪವೇ ಪದ್ಧತಿಯಾಗಿಬಿಡುವ ಅಪಾಯವಿದೆ.

ಅದಕ್ಕೆ ಕಠೋರವಾದ ಸಾಕ್ಷ್ಯ 2014ರ ಮೇ 31ರಂದು ದೊರೆಯಿತು. ಮ್ಯಾಸಚೂಸೆಟ್ಸ್‌ನ ಬೆಡ್‌ಫೋರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಖಾಸಗಿ ಜೆಟ್ ವಿಮಾನವೊಂದು ನಿಯಂತ್ರಣದ ಬೀಗವನ್ನು ತೆಗೆಯದೆ ಟೇಕಾಫ್‌ಗೆ ಹೊರಟು, ಒಳಗಿದ್ದ 7 ಮಂದಿಯೂ ಸತ್ತರು. ಆ ಚಾಲಕರ ಹಿಂದಿನ 175 ಟೇಕಾಫ್‌ಗಳ ದಾಖಲೆಯನ್ನು ಪರಿಶೀಲಿಸಿದಾಗ, ಶೇಕಡಾ 98ರಷ್ಟು ಸಂದರ್ಭಗಳಲ್ಲಿ ನಿಯಂತ್ರಣಗಳ ಪೂರ್ಣ ಪರೀಕ್ಷೆಯನ್ನು ಮಾಡಿಯೇ ಇರಲಿಲ್ಲವೆಂದು ತಿಳಿಯಿತು. 1935ರಲ್ಲಿ ಯಾವ ತಪ್ಪಿನಿಂದ ತಪಾಸಣಾ ಪಟ್ಟಿ ಹುಟ್ಟಿತೋ ಅದೇ ತಪ್ಪು 79 ವರ್ಷಗಳ ನಂತರ ಮರುಕಳಿಸಿತು.

ಕಂಡುಕೊಂಡ ಪರಿಹಾರಗಳು

1990ರಲ್ಲಿ ಆಸಫ್ ದೆಗಾನಿ ಮತ್ತು ಅರ್ಲ್ ವೀನರ್ ಅವರು ನಾಸಾಕ್ಕಾಗಿ ತಪಾಸಣಾ ಪಟ್ಟಿಗಳ ರಚನೆ ಹಾಗೂ ಬಳಕೆಯನ್ನು ಕುರಿತು ವಿಸ್ತೃತ ಅಧ್ಯಯನ ನಡೆಸಿದರು. ಅವರ ಸಲಹೆಗಳಲ್ಲಿ ಕೆಲವು ಯಾವ ಉದ್ಯಮಕ್ಕಾದರೂ ಅನ್ವಯಿಸುವಂತಿವೆ. ಉತ್ತರವು ‘ಆಯಿತು’, ‘ನೋಡಿದೆ’ ಎಂದಿರಬಾರದು. ಕಂಡ ಅಂಕಿಯನ್ನೇ ಹೇಳಬೇಕು. ಅತಿ ಮುಖ್ಯವಾದ ಅಂಶಗಳು ಪಟ್ಟಿಯ ಆರಂಭದಲ್ಲಿಯೇ ಇರಬೇಕು, ಏಕೆಂದರೆ ಅಡಚಣೆಯ ಸಂಭವವು ಆರಂಭದಲ್ಲಿ ಕಡಿಮೆ. ಪಟ್ಟಿ ಮುಗಿದಾಗ ‘ಪಟ್ಟಿ ಪೂರ್ಣಗೊಂಡಿತು’ ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಕೇಳಿಬರದಿದ್ದರೆ ಪಟ್ಟಿ ಮುಗಿದಿಲ್ಲವೆಂದೇ ಅರ್ಥ. ಇದಲ್ಲದೆ, ವಿಮಾನವು ನೆಲದ ಮೇಲೆ ಚಲಿಸುವಾಗ ಹಾಗೂ 10,000 ಅಡಿಗಿಂತ ಕೆಳಗೆ ಹಾರುವಾಗ ಕೆಲಸಕ್ಕೆ ಸಂಬಂಧಿಸದ ಮಾತು ಕೂಡದೆಂಬ ನಿಯಮವನ್ನು ಅಮೆರಿಕದ ಸರ್ಕಾರವು 1981ರಲ್ಲಿಯೇ ಜಾರಿಗೆ ತಂದಿತ್ತು.

ಪಟ್ಟಿಯ ವಿಧಾನವು ಬೇರೆ ಕ್ಷೇತ್ರಗಳಿಗೂ ಹಬ್ಬಿದೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಪಟ್ಟಿಯನ್ನು ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ, ಮರಣ ಪ್ರಮಾಣವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಆದರೆ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಅಂತಹದೇ ಪಟ್ಟಿಯನ್ನು ಕಡ್ಡಾಯಗೊಳಿಸಿದ ಬಳಿಕ 101 ಆಸ್ಪತ್ರೆಗಳ ಅಂಕಿಅಂಶಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಆದ್ದರಿಂದ ಸುತ್ತೋಲೆ ಹೊರಡಿಸಿ ಪಟ್ಟಿಯನ್ನು ಜಾರಿಗೊಳಿಸಿದ ಮಾತ್ರಕ್ಕೆ ಫಲ ದೊರೆಯುವುದೆಂದು ನಂಬುವಂತಿಲ್ಲ.

ಗೋದಾಮಿನಲ್ಲಿ, ಕಾರ್ಖಾನೆಯಲ್ಲಿ

ಸಂಜೆಯ ಹೊತ್ತು ಲಾರಿ ಬಾಗಿಲಲ್ಲಿ ನಿಂತಿರುವಾಗ ಸರಕು ರವಾನೆ ಮಾಡುವ ಗುಮಾಸ್ತನ ಸ್ಥಿತಿಯು ಡೆಟ್ರಾಯಿಟ್‌ನ ಸಹಚಾಲಕನ ಸ್ಥಿತಿಗಿಂತ ತೀರ ಭಿನ್ನವೇನಲ್ಲ. ನಿಗದಿಯಾಗಿದ್ದ ಲಾರಿ ಕೆಟ್ಟು ಬೇರೊಂದು ಬಂದರೆ, ಇ-ವೇ ಬಿಲ್ಲಿನ ‘ಬಿ’ ಭಾಗದಲ್ಲಿ ವಾಹನದ ಸಂಖ್ಯೆಯನ್ನು ಬದಲಿಸಬೇಕು. ಆಗಲೇ ಗ್ರಾಹಕರ ದೂರವಾಣಿ ಕರೆ, ಚಾಲಕನ ತಗಾದೆ, ಹಮಾಲರ ಕೂಗು. ಸಂಖ್ಯೆ ಬದಲಾಗದೆ ಉಳಿದರೆ ದಾರಿಯಲ್ಲಿ ಲಾರಿ ತಡೆಯಲ್ಪಟ್ಟು, ದಂಡದ ಜೊತೆಗೆ ಗ್ರಾಹಕರ ವಿಶ್ವಾಸವೂ ಹೋದೀತು. ರಫ್ತುದಾರರ ವಿಷಯದಲ್ಲಿಯೂ ಹೀಗೆಯೇ. ಲೆಟರ್ ಆಫ್ ಕ್ರೆಡಿಟ್ ವ್ಯವಹಾರದಲ್ಲಿ ಬ್ಯಾಂಕು ನೋಡುವುದು ಸರಕನ್ನಲ್ಲ, ದಾಖಲೆಗಳನ್ನು. ಸರಕು ಉತ್ತಮವಾಗಿದ್ದರೂ ಇನ್‌ವಾಯ್ಸಿನ ವಿವರಣೆ ಹೊಂದದಿದ್ದರೆ ಹಣ ನಿಲ್ಲಬಹುದು. ಯಂತ್ರದ ಸೆಟ್ಟಿಂಗ್ ಬದಲಿಸುತ್ತಿರುವಾಗ ಪಾಳಿ ಮುಗಿದು ಬೇರೊಬ್ಬ ಕೆಲಸಗಾರ ಬಂದರೆ, ಅರ್ಧ ಬಿಗಿದ ಬೋಲ್ಟು ಹಾಗೆಯೇ ಉಳಿಯುವ ಸಂಭವವಿದೆ.

ಸಣ್ಣ ಉದ್ದಿಮೆಗಳು ಹೆಚ್ಚಿನ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು:

1. ಪಟ್ಟಿ ಚಿಕ್ಕದಿರಲಿ. ಬಿಟ್ಟುಹೋದರೆ ನಿಜವಾಗಿ ನಷ್ಟ ತರುವ ಅಂಶಗಳು ಮಾತ್ರ ಅದರಲ್ಲಿರಲಿ, ಅತಿ ಮುಖ್ಯವಾದುದು ಮೊದಲಿರಲಿ.

2. ಸರಿ ಗುರುತು ಹಾಕುವ ಬದಲು ಅಂಕಿ ಬರೆಯುವ ಪದ್ಧತಿ ಇರಲಿ. ವಾಹನದ ಸಂಖ್ಯೆ, ಪೆಟ್ಟಿಗೆಗಳ ಎಣಿಕೆ, ಮೊದಲ ತುಣುಕಿನ ಅಳತೆ ಇವನ್ನು ಕಂಡಂತೆ ಬರೆಯಬೇಕು. ಅಂಕಿ ಬರೆಯಬೇಕಾದವನು ನೋಡಲೇಬೇಕಾಗುತ್ತದೆ.

3. ನಡುವೆ ಅಡಚಣೆಯಾದರೆ ಪಟ್ಟಿಯನ್ನು ಮೊದಲಿನಿಂದ ಆರಂಭಿಸಬೇಕು. ಬಿಟ್ಟ ಕೆಲಸದ ಮೇಲೆ ಕೆಂಪು ಚೀಟಿ ಹಚ್ಚುವುದು ಪಾಳಿ ಬದಲಾಗುವಾಗ ಉಪಯುಕ್ತ.

4. ಲಾರಿ, ಗ್ರಾಹಕ, ಅಳತೆ, ದರ ಇವುಗಳಲ್ಲಿ ಯಾವುದು ಕೊನೆಗಳಿಗೆಯಲ್ಲಿ ಬದಲಾದರೂ, ಹಿಂದಿನ ತಪಾಸಣೆ ರದ್ದಾಯಿತೆಂದೇ ಭಾವಿಸಬೇಕು.

5. ಕಂಪ್ಯೂಟರು, ಅಲಾರಂ ಅಥವಾ ಲೆಕ್ಕಪರಿಶೋಧಕರು ಹಿಡಿಯುತ್ತಾರೆಂದು ನಂಬಿ ತಪಾಸಣೆ ಬಿಡಬಾರದು. ಅಲಾರಂ ಕೆಲಸ ಮಾಡುತ್ತಿದೆಯೇ ಎಂಬುದೂ ಪಟ್ಟಿಯ ಒಂದು ಸಾಲಾಗಿರಲಿ.

6. ನಷ್ಟವಾಗದೆ ತಪ್ಪಿಹೋದ ಲೋಪಗಳನ್ನು ತಿಳಿಸಿದವರನ್ನು ಗದರಿಸಬಾರದು. ಗದರಿಸಿದಲ್ಲಿ ಮುಂದಿನ ಬಾರಿ ಲೋಪವು ಮುಚ್ಚಿಡಲ್ಪಡುತ್ತದೆ.

ಮಾಲೀಕರ ಹೊಣೆ

ಕೊನೆಯದಾಗಿ, ಅವಸರವು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ವಿಮಾನಚಾಲಕನ ಮೇಲೆ ವೇಳಾಪಟ್ಟಿಯ ಒತ್ತಡವಿದ್ದಂತೆ ಗುಮಾಸ್ತನ ಮೇಲೆ, ಫೋರ್‌ಮನ್ ಮೇಲೆ ಮಾಲೀಕರ ಮಾತಿನ ಒತ್ತಡವಿರುತ್ತದೆ. ಪಟ್ಟಿಯನ್ನು ಗೋಡೆಗೆ ಅಂಟಿಸಿ, ಮರುಗಳಿಗೆಯಲ್ಲಿಯೇ ‘ಇನ್ನೂ ಲಾರಿ ಹೊರಟಿಲ್ಲವೇ?’ ಎಂದು ಕೇಳುವ ಮಾಲೀಕರು ತಾವು ಮಾಡಿದ ನಿಯಮವನ್ನು ತಾವೇ ಮುರಿದಂತೆ. ಕೆಲಸಗಾರನು ಪಾಲಿಸುವುದು ಗೋಡೆಯ ಮೇಲಿನ ಬರಹವನ್ನಲ್ಲ, ಮಾಲೀಕರ ದನಿಯನ್ನು.

ಆದುದರಿಂದ ತಪಾಸಣೆಗೆ ಬೇಕಾಗುವ ಹತ್ತು ನಿಮಿಷಗಳನ್ನು ರವಾನೆಯ ವೇಳೆಯ ಲೆಕ್ಕದಲ್ಲಿಯೇ ಸೇರಿಸುವುದು ವಿವೇಕದ ಮಾರ್ಗ. ಪಟ್ಟಿ ಪೂರ್ಣಗೊಳ್ಳದೆ ಸರಕನ್ನು ತಡೆದು ನಿಲ್ಲಿಸಿದ ನೌಕರನಿಗೆ ಬೆಂಬಲವಾಗಿ ನಿಲ್ಲುವುದು ಮಾಲೀಕರ ಕರ್ತವ್ಯ. ಆ ದಿನ ಗ್ರಾಹಕರಿಗೆ ಅರ್ಧ ಗಂಟೆ ತಡವಾದೀತು. ಆದರೆ ಮುಂದಿನ ಬಾರಿ ಅವಸರದ ನಡುವೆಯೂ ನೋಡಿಯೇ ಉತ್ತರಿಸುವ ಧೈರ್ಯ ಆ ನೌಕರನಿಗೆ ಬರುತ್ತದೆ.